ಮಾವನವರ ಬಾತುಕೋಳಿಗಳು

ಸೊಸೆ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅತ್ತೆಗೆ ಪೀಕಲಾಟ. ಎಂಜಿನಿಯರು ಅಂದರೆ ಅರ್ಧ ಸುಳ್ಳು, ಚಿತ್ರ ಬರೆಯುತ್ತಾಳೆ ಅಂದರೆ ಉಳಿದರ್ಧ ಸುಳ್ಳು. ಕೊನೆಗೆ ಅವರೇ ಒಂದು ಉತ್ತರ ಕಂಡುಕೊಂಡಿದ್ದರು: "ಗೋಡೆಗೆ ಕಣ್ಣು ಕೊಡ್ತಾಳೆ." ಕೇಳಿದವರು ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಮಾತೇನೋ ನಿಜವೇ. ಅವಳು ಮಾಡುವ ಕಲಾಕೃತಿಗಳಲ್ಲಿ ಗೋಡೆಯ ಮೇಲೊಂದು ಕ್ಯಾಮೆರಾ ಇರುತ್ತದೆ, ಸೂರಿನಲ್ಲಿ ಚಿತ್ರ ಬೀರುವ ಪ್ರೊಜೆಕ್ಟರು, ಮೂಲೆಯಲ್ಲೊಂದು ಕಂಪ್ಯೂಟರು. ಎದುರಿಗೆ ನಿಂತವರನ್ನು ಕ್ಯಾಮೆರಾ ನೋಡುತ್ತದೆ. ಅವರು ಏನು ಮಾಡುತ್ತಿದ್ದಾರೆಂದು ಕಂಪ್ಯೂಟರು ಊಹಿಸುತ್ತದೆ. ಗೋಡೆಯ ಮೇಲಿನ ಚಿತ್ರ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಈ ಸಲ ಅವಳಿಗೆ ಒಪ್ಪಿಸಿದ್ದು ಊರಿನ ಬಸ್ ನಿಲ್ದಾಣದ ವಿಶ್ರಾಂತಿ ಕೋಣೆಯ ನಲವತ್ತು ಅಡಿ ಉದ್ದದ ಗೋಡೆ. "ಬಸ್ಸಿಗೆ ಕಾಯೋರಿಗೆ ಕಾದದ್ದು ಗೊತ್ತಾಗಬಾರದು, ಅಷ್ಟು ಮಾಡಿಕೊಡಿ ಸಾಕು," ಅಂದಿದ್ದರು ನಿಲ್ದಾಣದ ಅಧಿಕಾರಿ. ದಪ್ಪ ಕನ್ನಡಕದ, ಸದಾ ಒಂದು ಕೈಯಲ್ಲಿ ವೇಳಾಪಟ್ಟಿ ಹಿಡಿದೇ ಓಡಾಡುವ ಹೆಂಗಸು ಅವರು.

ಅವಳು ಬಾತುಕೋಳಿಗಳನ್ನು ಆರಿಸಿಕೊಂಡಳು. ಇನ್ನೂರು ಬಾತುಗಳು, ಎಲ್ಲವನ್ನೂ ಶಾಯಿಯಲ್ಲಿ ಕೈಯಾರೆ ಬರೆದಳು. ಒಂದಕ್ಕೆ ಉದ್ದ ಕತ್ತು, ಒಂದಕ್ಕೆ ಕುಂಟು ನಡಿಗೆ, ಇನ್ನೊಂದಕ್ಕೆ ಸದಾ ಹಿಂದೆ ತಿರುಗಿ ನೋಡುವ ಚಟ. ಕೈ ಎತ್ತಿದರೆ ಅವು ನಿಲ್ಲಬೇಕು, ಕರೆದರೆ ಬರಬೇಕು, ದಾರಿ ತೋರಿಸಿದರೆ ಆ ಕಡೆ ಸಾಲುಗಟ್ಟಿ ಹೋಗಬೇಕು. ಇಷ್ಟೇ ಆಟ. ಕಾಗದದ ಮೇಲೆ ಬಲು ಸುಲಭ.

ನಿಲ್ದಾಣಕ್ಕೆ ತಂದು ಕೂರಿಸಿದ ಮೇಲೆ ಬಣ್ಣ ಬಯಲಾಯಿತು. ಕಂಪ್ಯೂಟರು ಮನುಷ್ಯನ ಮೈಯಲ್ಲಿ ಹದಿನೇಳು ಚುಕ್ಕಿ ಹುಡುಕುತ್ತದೆ: ಮೂಗು, ಕಣ್ಣು, ಕಿವಿ, ಹೆಗಲು, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಪಾದ. ಅವಳು ಮಣಿಕಟ್ಟಿನ ಚುಕ್ಕಿಯನ್ನು ನಂಬಿಕೊಂಡಿದ್ದಳು. ಮಣಿಕಟ್ಟು ಮೇಲೆ ಹೋದರೆ ಬಾತುಗಳಿಗೆ 'ನಿಲ್ಲಿ' ಎಂದರ್ಥ. ಆದರೆ ಬಸ್ ನಿಲ್ದಾಣದಲ್ಲಿ ಮಣಿಕಟ್ಟು ಎಷ್ಟು ಕಾರಣಕ್ಕೆ ಮೇಲೆ ಹೋಗುತ್ತದೆಂದು ಅವಳಿಗೇನು ಗೊತ್ತು? ಒಬ್ಬರು ತಲೆ ಕೆರೆದುಕೊಂಡರು, ಬಾತುಗಳು ನಿಂತವು. ಒಬ್ಬರು ಆಕಳಿಸಿ ಮೈ ಮುರಿದರು, ನಿಂತವು. ಇನ್ನೊಬ್ಬರು ಆ ತುದಿಯಲ್ಲಿದ್ದ ತಂಗಿಯನ್ನು ಕೈಬೀಸಿ ಕರೆದರು, ಇನ್ನೂರು ಬಾತುಗಳೂ ಆ ಕಡೆ ದಡದಡ ಓಡಿದವು, ತಂಗಿ ಬೆಚ್ಚಿ ಚೀಲ ಕೆಳಗೆ ಹಾಕಿದಳು. ನಿಜವಾಗಿ ಬಾತುಗಳನ್ನು ನಿಲ್ಲಿಸಬೇಕೆಂದು ಕೈ ಎತ್ತಿದವರ ಪಾಡು ಕೇಳುವುದೇ ಬೇಡ, ಪಕ್ಕದವರ ಯಾವುದೋ ಕೈ ನೋಡಿ ಬಾತುಗಳು ಆಗಲೇ ಬೇರೆ ಕಡೆ ಹೊರಟಿರುತ್ತಿದ್ದವು. ಉದ್ಘಾಟನೆಗೆ ಉಳಿದದ್ದು ಆರು ವಾರ.

ಅಂಥ ಒಂದು ಬೆಳಿಗ್ಗೆ ಮಾವ ನಿಲ್ದಾಣಕ್ಕೆ ಬಂದರು. ಅವಳು ಮನೆಯಲ್ಲೇ ಮರೆತುಬಂದಿದ್ದ ವೈರಿನ ಸುರುಳಿಯನ್ನು ಅತ್ತೆ ಅವರ ಹೆಗಲಿಗೆ ತೂಗುಹಾಕಿ ಕಳಿಸಿದ್ದರು. "ಹೋಗಿ ಕೊಟ್ಟು ಬನ್ನಿ, ಮನೇಲಿ ಕೂತು ಕೂತು ಕುರ್ಚಿಗೇ ಬೇಜಾರಾಗಿದೆ" ಎಂಬ ಮಾತಿನ ಜೊತೆಗೆ.

ಮಾವ ಇಪ್ಪತ್ತೊಂಬತ್ತು ವರ್ಷ ಟ್ರಾಫಿಕ್ ಪೊಲೀಸರಾಗಿದ್ದವರು. ಅದರಲ್ಲಿ ಹತ್ತೊಂಬತ್ತು ವರ್ಷ ಐದು ರಸ್ತೆ ಕೂಡುವ ಒಂದೇ ಸರ್ಕಲ್ಲಿನಲ್ಲಿ. ಬೀದಿಯವರು ಈಗಲೂ 'ಸೀಟಿ ಸಾಹೇಬ್ರು' ಅಂತಲೇ ಕರೆಯುವುದು. ನಿವೃತ್ತರಾಗಿ ಆರು ವರ್ಷವಾಗಿತ್ತು. ಎರಡು ವರ್ಷದಿಂದ ಕೈ ನಡುಗುತ್ತಿತ್ತು. "ಜೀವಕ್ಕೇನೂ ಭಯ ಇಲ್ಲ. ಸುಮ್ಮನಿದ್ದಾಗ ಕಮ್ಮಿ, ಕೈ ಎತ್ತಿ ಹಿಡಿದರೆ ಜಾಸ್ತಿ" ಅಂದಿದ್ದರು ಡಾಕ್ಟರು. ಬೇರೆಯವರಿಗಾದರೆ ಅದೊಂದು ಕಾಯಿಲೆ ಅಷ್ಟೆ. ಜೀವಮಾನವೆಲ್ಲ ಕೈ ಎತ್ತಿ ಬದುಕಿದವರಿಗೆ ಅದು ಅವಮಾನ. ಮಾವ ಗೆಳೆಯರ ಜೊತೆ ಟೀ ಕುಡಿಯಲು ಹೋಗುವುದನ್ನು ಬಿಟ್ಟರು. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡೇ ಓದತೊಡಗಿದರು. ಯಾರಾದರೂ ಬಂದರೆ ಬಲಗೈ ಜೇಬಿನೊಳಗೆ ಹೋಗಿ ಕೂರುತ್ತಿತ್ತು.

ಆ ದಿನವೂ ಕೈ ಜೇಬಿನಲ್ಲೇ ಇತ್ತು. ಅವರು ಒಂದು ಬೆಂಚಿನ ತುದಿಯಲ್ಲಿ ಕೂತು ಅರ್ಧ ಗಂಟೆ ಗೋಡೆ ನೋಡಿದರು. ಆಮೇಲೆ ಸೊಸೆಯ ಹತ್ತಿರ ಬಂದು, "ಇವಕ್ಕೆ ಶಿಸ್ತೇ ಇಲ್ಲವಲ್ಲ ತಾಯಿ," ಅಂದರು.

"ಶಿಸ್ತು ಕಲಿಸೋಕೆ ಆಗ್ತಾ ಇಲ್ಲ ಮಾವ. ಬನ್ನಿ, ನೀವೊಂದು ಸಲ ನಿಲ್ಲಿಸಿ ನೋಡೋಣ."

ಕೇಳಿದ ಮೇಲೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಮಾತು ಹೊರಬಿದ್ದಾಗಿತ್ತು. ಮಾವ ಗೋಡೆಯ ಮುಂದೆ ಹೋಗಿ ಪಾದ ಜೋಡಿಸಿ ನಿಂತು, ಕೈಯನ್ನು ಜೇಬಿನಿಂದ ತೆಗೆದು ಎತ್ತಿದರು. ಕೈ ನಡುಗಿತು. ಅದರ ಜೊತೆಗೇ ಇನ್ನೂರು ಬಾತುಗಳೂ ನಿಂತವು, ಹೊರಟವು, ನಿಂತವು, ಹೊರಟವು. ಕಂಪ್ಯೂಟರಿಗೆ ಆ ಮಣಿಕಟ್ಟು ಸೆಕೆಂಡಿಗೆ ಐದಾರು ಸಲ ಅಪ್ಪಣೆ ಬದಲಾಯಿಸಿದಂತೆ ಕಂಡಿತ್ತು. ಕೊನೆಗೆ ಬಾತುಗಳೆಲ್ಲ ದಿಕ್ಕಾಪಾಲಾಗಿ ಗೋಡೆಯ ಎರಡೂ ತುದಿಗಳಿಗೆ ಚದುರಿ ಹೋದವು.

ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಬಾತುಗಳನ್ನು ನೋಡಿ ನಕ್ಕದ್ದೇ ಇರಬೇಕು. ಮಾವ ಕೈ ಇಳಿಸಿ ಮತ್ತೆ ಜೇಬಿಗೆ ಸೇರಿಸಿದರು.

"ನಿನ್ನ ಕ್ಯಾಮೆರಾ ಚೆನ್ನಾಗೇ ಇದೆ ತಾಯಿ. ಇದ್ದದ್ದನ್ನ ಇದ್ದ ಹಾಗೇ ನೋಡ್ತು," ಅಂದು ಹೊರಟುಹೋದರು.

ಅವಳಿಗೆ ಆ ದಿನ ಕೆಲಸ ಸಾಗಲಿಲ್ಲ. ಎಂಟು ವರ್ಷದ ಹಿಂದೆ ಈ ಮನೆಗೆ ಬಂದಾಗ ಅವಳ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಮೊದಲು ಪ್ರಯತ್ನಿಸಿದವರು ಮಾವನೇ. ಮುಂದಿನ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ಒಳಗೆ ಸರಿಸಿ, "ಇಲ್ಲಿ ಬೆಳಕು ಚೆನ್ನಾಗಿದೆ, ನಿನ್ನ ಸಾಮಾನು ಇಲ್ಲಿಟ್ಕೋ" ಅಂದಿದ್ದರು. ಅಂಥವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ತಲೆ ತಗ್ಗಿಸುವಂತೆ ಮಾಡಿದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮಾರನೆಯ ದಿನ ಅವಳೊಂದು ಉಪಾಯ ಮಾಡಿದಳು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಮೂರು ಬಟನ್ನುಗಳಿಗೆ ಗುಟ್ಟಾಗಿ ಕೆಲಸ ಹಚ್ಚಿದಳು. ಒಂದನ್ನು ಒತ್ತಿದರೆ ಬಾತುಗಳು ನಿಲ್ಲುತ್ತವೆ, ಇನ್ನೆರಡಕ್ಕೆ ಎಡಕ್ಕೆ, ಬಲಕ್ಕೆ. ಕ್ಯಾಮೆರಾ ಏನೇ ನೋಡಲಿ, ಆಗ ಲೆಕ್ಕಕ್ಕಿಲ್ಲ. ಮನೆಗೆ ಹೋಗಿ, "ಮಾವ, ದೋಷ ನನ್ನದೇ ಇತ್ತು, ಸರಿ ಮಾಡಿದೀನಿ. ಇನ್ನೊಂದು ಸಲ ಬನ್ನಿ," ಅಂತ ಗೋಗರೆದು ಕರೆತಂದಳು.

ಮಾವ ಕೈ ಎತ್ತಿದರು. ಅವಳು ಬಟನ್ ಒತ್ತಿದಳು. ಇನ್ನೂರು ಬಾತುಗಳು ಗಕ್ಕನೆ ನಿಂತವು.

ಮಾವ ಹಿಂದಿರುಗಿ ನೋಡಿದ ನೋಟ ಅವಳಿಗೆ ಎಷ್ಟೋ ದಿನ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಮತ್ತೆ ತಿರುಗಿ ಎಡಗೈಯಿಂದ ದಾರಿ ತೋರಿದರು. ಬಾತುಗಳು ಸಾಲಾಗಿ ಹೊರಟವು. ಬೆಂಚಿನವರು ಚಪ್ಪಾಳೆ ತಟ್ಟಿದರು.

ಅಂದಿನಿಂದ ಒಂಬತ್ತು ದಿನ ಮಾವ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಾಜರು. ಇಸ್ತ್ರಿ ಮಾಡಿದ ಅಂಗಿ, ಕ್ಷೌರದಂಗಡಿಗೆ ಹೋಗಿ ಬಂದ ಗಲ್ಲ. ಬಾತುಗಳಿಗೆ ಒಂದೊಂದು ಹೆಸರೂ ಇಟ್ಟರು: ಉದ್ದ ಕತ್ತಿನದು ಲಾರಿ, ಕುಂಟುವುದು ಪಂಕ್ಚರ್, ಹಿಂದೆ ನೋಡುವುದು ಸಂಶಯರಾಯ. "ಏನು ಮದ್ದು ಹಾಕಿದೀಯೇ ಅವರಿಗೆ? ಬಚ್ಚಲಲ್ಲಿ ಹಾಡ್ತಾ ಇದಾರೆ. ರಾಗ ಇಲ್ಲ, ತಾಳ ಇಲ್ಲ, ಆದ್ರೂ ಹಾಡು ಹಾಡೇ," ಅಂದರು ಅತ್ತೆ. ಸೊಸೆ ನಕ್ಕಳು. ಗಂಡನಿಗೆ ಬಟನ್ನಿನ ಗುಟ್ಟು ಹೇಳಿದಾಗ ಅವನು, "ಅಪ್ಪನ ಕಣ್ಣು ತಪ್ಪಿಸಿ ನಾನು ಬಾಲ್ಯದಲ್ಲಿ ಒಂದು ಪೆಪ್ಪರಮಿಂಟೂ ತಿಂದಿಲ್ಲ. ನೀನು ಹುಷಾರು," ಅಂದ.

ಹತ್ತನೆಯ ದಿನ ಅದೇ ಆಯಿತು. ಸೂರಿನಲ್ಲಿ ಪ್ರೊಜೆಕ್ಟರು ಕೂರಿಸಿದ ಮರದ ಕಟ್ಟು ಅಲುಗಾಡುತ್ತಿದೆಯೆಂದು ಬಡಗಿ ಏಣಿಯ ಮೇಲಿಂದ ಏನೋ ಕೇಳುತ್ತಿದ್ದ. ಅವಳು ಒಂದು ಕಣ್ಣು ಏಣಿಯ ಕಡೆ, ಒಂದು ಕಣ್ಣು ಮಾವನ ಕಡೆ ಇಟ್ಟುಕೊಂಡು ಕೂತಿದ್ದಳು. ಮಾವನ ಕೈ ಮೇಲೇಳುವುದು ಕಂಡಿತು, ಬಟನ್ ಒತ್ತಿದಳು. ಬಾತುಗಳು ನಿಂತವು.

ಮಾವ ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದ್ದರು.

ಅವರು ಕನ್ನಡಕ ಸರಿಮಾಡಿಕೊಂಡು ನಿಂತ ಬಾತುಗಳನ್ನು ನೋಡಿದರು. ಆಮೇಲೆ ನಿಧಾನಕ್ಕೆ ತಿರುಗಿ ಸೊಸೆಯ ಬೆರಳು ನೋಡಿದರು. ಹತ್ತೊಂಬತ್ತು ವರ್ಷ ಐದು ರಸ್ತೆ ಒಟ್ಟಿಗೆ ನೋಡಿದ ಕಣ್ಣು ಅದು. ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಯಾವ ಬಟನ್ ತಾಯಿ?"

ಅವಳು ತೋರಿಸಿದಳು.

"ಮೊದಲನೇ ದಿನದಿಂದಾನಾ?"

"ಹೂಂ ಮಾವ."

ಮಾವ ಬೆಂಚಿನ ಮೇಲೆ ಕೂತರು. ಸಿಟ್ಟಿದ್ದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು, ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡವರ ಕಾರು ಬರೋ ದಿನ ರಸ್ತೆ ಎಲ್ಲ ಮೊದಲೇ ಖಾಲಿ ಮಾಡಿಸ್ತಿದ್ರು. ಒಂದು ಸೈಕಲ್ ಕೂಡ ಇರ್ತಿರಲಿಲ್ಲ. ಆ ಖಾಲಿ ರಸ್ತೇಲಿ ನಾನು ಕೈ ಎತ್ತಿ ನಿಂತಿರಬೇಕು, ನೋಡೋರಿಗೆ ಚೆಂದ ಕಾಣಲಿ ಅಂತ. ಆ ದಿನ ಮನೆಗೆ ಬಂದರೆ ನನಗೆ ಊಟ ಸೇರ್ತಿರಲಿಲ್ಲ, ನಿಮ್ಮತ್ತೇನ ಕೇಳು." ಅಷ್ಟು ಹೇಳಿ ಎದ್ದು ಹೋದರು.

ಮೂರು ದಿನ ಅವರು ನಿಲ್ದಾಣದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಮಾತೇನೂ ನಿಂತಿರಲಿಲ್ಲ. 'ಊಟ ಆಯ್ತಾ ತಾಯಿ', 'ಬಾಗಿಲು ಹಾಕ್ಕೋ ತಾಯಿ' ಎಲ್ಲ ಇತ್ತು. ಬಾತುಗಳ ಸುದ್ದಿ ಮಾತ್ರ ಇರಲಿಲ್ಲ, ಬಚ್ಚಲಿನ ಹಾಡೂ ಇರಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಸೊಸೆ ಅತ್ತೆಯ ಮುಂದೆ ಎಲ್ಲ ಒಪ್ಪಿಸಿ ಅತ್ತುಬಿಟ್ಟಳು.

ಅತ್ತೆ ಬೈಯಲಿಲ್ಲ. ಕೈ ಒರೆಸಿಕೊಂಡು ಹೇಳಿದರು: "ಎರಡು ವರ್ಷದಿಂದ ಅವರ ಲೋಟಕ್ಕೆ ನಾನು ಅರ್ಧ ಮಾತ್ರ ಟೀ ಹಾಕ್ತೀನಿ, ಚೆಲ್ಲಬಾರದು ಅಂತ. ಎರಡು ಸಲ ಕೊಡ್ತೀನಿ. ಅವರಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಕುಡೀತಾರೆ. ಗಂಡ ಹೆಂಡತಿ ಅಂದಮೇಲೆ ಇಷ್ಟು ಕಳ್ಳಾಟ ಇರ್ಲೇಬೇಕು. ಆದ್ರೆ ನೀನು ಕೈ ಹಾಕಿದ್ದು ಅವರ ಕೆಲಸಕ್ಕೆ ಕಣೇ. ಲೋಟ ಬೇರೆ, ಕೆಲಸ ಬೇರೆ."

"ಈಗ ಏನು ಮಾಡ್ಲಿ ಅತ್ತೆ? ಕ್ಷಮೆ ಕೇಳ್ಲಾ?"

"ಕ್ಷಮೆ ತಗೊಂಡು ಅವರೇನು ಪೆಟ್ಟಿಗೇಲಿ ಇಡ್ತಾರಾ? ನಿನಗೆ ನಿಜವಾಗ್ಲೂ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಹೋಗಿ ಕೇಳು. ಇಲ್ಲದೆ ಇದ್ರೆ ಸುಮ್ನಿರು."

ಗೊತ್ತಿಲ್ಲದ್ದು ರಾಶಿ ಇತ್ತು. ಉದ್ಘಾಟನೆಗೆ ನಾಲ್ಕು ವಾರ ಉಳಿದಿತ್ತು, ಬಾತುಗಳು ಇನ್ನೂ ತಲೆ ಕೆರೆದುಕೊಂಡವರ ಮಾತೇ ಕೇಳುತ್ತಿದ್ದವು. ಮಾವ ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಕೂತಿದ್ದರು. ಅವಳು ಎದುರಿಗೆ ಕೂತು ನೇರವಾಗಿ ಕೇಳಿದಳು.

"ಮಾವ, ನಿಮ್ಮನ್ನ ಸಮಾಧಾನ ಮಾಡೋಕೆ ಬಂದಿಲ್ಲ. ನನ್ನ ಕೆಲಸ ಕೆಟ್ಟು ಕೂತಿದೆ. ಸರ್ಕಲ್ಲಲ್ಲಿ ನೀವು ಕೈ ಎತ್ತಿದ್ರೆ ಗಾಡಿಯವರು ನಿಲ್ತಿದ್ರು. ನೀವು ಟೋಪಿ ಸರಿ ಮಾಡ್ಕೊಂಡ್ರೆ ನಿಲ್ತಿರಲಿಲ್ಲ. ಎರಡರಲ್ಲೂ ಕೈ ಮೇಲಕ್ಕೇ ಹೋಗುತ್ತೆ. ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಮಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಆದರೆ ಓದುವುದನ್ನು ನಿಲ್ಲಿಸಿದ್ದರು, ಕಣ್ಣು ಒಂದೇ ಸಾಲಿನಲ್ಲಿ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಉಪ್ಪಿನ ಡಬ್ಬಿಯನ್ನು ಮೇಜಿನ ಮಧ್ಯಕ್ಕೆ ಎಳೆದರು.

"ಇದು ನಾನು ಅಂದ್ಕೋ. ಈ ಚಮಚ ಲಾರಿ. ಇನ್ನೂರು ಅಡಿ ದೂರದಲ್ಲಿದೆ. ಅವನಿಗೆ ನನ್ನ ಬೆರಳು ಕಾಣುತ್ತಾ?"

"ಇಲ್ಲ."

"ಅಂಗೈ?"

"ಕಷ್ಟ."

"ಮತ್ತೆ ಏನು ನೋಡಿ ಬ್ರೇಕ್ ತುಳೀತಾನೆ? ಹೆಗಲು ನೋಡಿ! ಹೊಸದಾಗಿ ಸೇರಿದಾಗ ನಾನೂ ಕೈ ಬೀಸಿ ಬೀಸಿ ಸುಸ್ತಾಗ್ತಿದ್ದೆ, ಒಬ್ಬನೂ ನಿಲ್ತಿರಲಿಲ್ಲ. ನಮ್ಮ ಹಳೇ ಹವಾಲ್ದಾರರು ಹೇಳಿದ್ರು: ಕೈ ಎಲ್ಲರೂ ಎತ್ತುತ್ತಾರೆ ಮಗಾ, ನೊಣ ಓಡ್ಸೋನೂ ಎತ್ತುತ್ತಾನೆ. ಮೊದಲು ಮೈ ಆ ಕಡೆ ತಿರುಗಲಿ. ಆಮೇಲೆ ಹೆಗಲು ಏಳಲಿ, ಹೆಗಲಿನ ಹಿಂದೆ ಮೊಣಕೈ ಬರಲಿ. ಬಂದಮೇಲೆ ಒಂದು ಉಸಿರು ಹಾಗೇ ನಿಲ್ಲು. ಕೈ ಕೊನೇಲಿ ತಾನೇ ಬಂದು ಸೇರಿಕೊಳ್ಳುತ್ತೆ, ಅದು ಬರೀ ಬಾವುಟ. ತಲೆ ಕೆರ್ಕೊಳ್ಳೋನು ಮೈ ತಿರುಗಿಸ್ತಾನಾ? ಉಸಿರು ಹಿಡೀತಾನಾ?"

ಎರಡು ವಾರದಿಂದ ಅವಳು ಮಣಿಕಟ್ಟಿನ ಚುಕ್ಕಿಯನ್ನು ಇನ್ನಷ್ಟು ನಿಖರ ಮಾಡಲು ಒದ್ದಾಡುತ್ತಿದ್ದಳು. ಹದಿನೇಳು ಚುಕ್ಕಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಲೆಯುವ, ಸುಲಭಕ್ಕೆ ಮರೆಯಾಗುವ ಚುಕ್ಕಿ ಅದೇ. ಹೆಗಲಿನ ಚುಕ್ಕಿಗಳಾದರೋ ಬಂಡೆಯ ಹಾಗೆ ನಿಂತಿರುತ್ತಿದ್ದವು. ಅವುಗಳ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ.

"ನಂಬಿಕೆ ಇಲ್ಲದಿದ್ರೆ ನಾಳೆ ಬಾ, ತೋರಿಸ್ತೀನಿ," ಅಂದರು ಮಾವ.

ಮಾರನೆಯ ಬೆಳಿಗ್ಗೆ ಇಬ್ಬರೂ ಹಳೆಯ ಸರ್ಕಲ್ಲಿಗೆ ಹೋದರು. ಅಲ್ಲೀಗ ಕೆಂಪು ಹಸಿರು ದೀಪಗಳಿದ್ದವು. ಆದರೂ ಆಫೀಸಿನ ಹೊತ್ತಿಗೆ ಒಬ್ಬಳು ಪೇದೆ ನಿಂತಿರುತ್ತಿದ್ದಳು. ಚುರುಕಾದ ಹುಡುಗಿ. ಮಾವ ಪಾದಚಾರಿ ದಾರಿಯ ಕಟ್ಟೆಯ ಮೇಲೆ ಕೂತು ಪಿಸುಮಾತಿನಲ್ಲಿ ವಿವರಣೆ ಕೊಡುತ್ತ ಹೋದರು. "ಈಗ ನೋಡು, ಬರೀ ಕೈ ಎತ್ತಿದಳು... ಆ ಸ್ಕೂಟರು ನಿಲ್ಲಲ್ಲ... ಹೇಳಿದ್ನಾ? ಈಗ ತಿರುಗಿದಳು ನೋಡು, ಪೂರ್ತಿ ತಿರುಗಿದಳು. ಹೆಗಲು ಎದ್ದಿತು. ಗಾಡಿಗಳನ್ನ ನೋಡು, ಕೈ ನೋಡಬೇಡ." ಅವಳು ಗಾಡಿಗಳನ್ನು ನೋಡಿದಳು. ಹುಡುಗಿಯ ಕೈ ಪೂರ್ತಿ ಮೇಲೇರುವ ಮೊದಲೇ ಮುಂದಿನ ಸಾಲಿನ ಮೂರು ಕಾರುಗಳ ಮೂಗು ತಗ್ಗಿತ್ತು. ಒಂದು ಗಂಟೆಯಲ್ಲಿ ಅವಳು ಅದನ್ನು ಇಪ್ಪತ್ತು ಸಲ ನೋಡಿದಳು. ಪುಸ್ತಕದ ತುಂಬ ಹೆಗಲುಗಳ ಚಿತ್ರ ಬರೆದುಕೊಂಡಳು.

"ಒಳ್ಳೇ ಪೇದೆ," ಅಂದರು ಮಾವ ಏಳುತ್ತ. "ಸೀಟಿ ಮಾತ್ರ ಸ್ವಲ್ಪ ಉದ್ದ ಊದ್ತಾಳೆ."

ಆಮೇಲಿನ ಎರಡು ವಾರ ಅವಳು ಇಡೀ ಲೆಕ್ಕಾಚಾರವನ್ನು ಕಿತ್ತು ಮತ್ತೆ ಕಟ್ಟಿದಳು. ಮಣಿಕಟ್ಟಿನ ಚುಕ್ಕಿಗಳನ್ನು ಕಂಪ್ಯೂಟರು ಇನ್ನು ನೋಡುವಂತೆಯೇ ಇಲ್ಲ. ಎರಡು ಹೆಗಲು, ಎರಡು ಸೊಂಟ, ಇವು ಯಾವ ಕಡೆ ತಿರುಗಿವೆ? ಹೆಗಲಿನಿಂದ ಮೊಣಕೈ ಎಷ್ಟು ಎದ್ದಿದೆ? ಎದ್ದದ್ದು ಒಂದು ಉಸಿರಿನಷ್ಟು ಹೊತ್ತು ನಿಂತಿತೇ? ಮೂರಕ್ಕೂ ಹೌದು ಅಂದರೆ ಮಾತ್ರ ಅಪ್ಪಣೆ. 'ಒಂದು ಉಸಿರು' ಅಂದರೆ ಎಷ್ಟು ಎಂಬುದರ ಮೇಲೆ ಮಾವ ಸೊಸೆಗೆ ದೊಡ್ಡ ಜಟಾಪಟಿ ನಡೆಯಿತು. ಅವಳು ಅರ್ಧ ಸೆಕೆಂಡು ಅಂದಳು. "ಅರ್ಧ ಸೆಕೆಂಡಲ್ಲಿ ಉಸಿರಾಡೋದು ಇಲಿ," ಅಂದರು ಮಾವ. ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮಾವ ತಮ್ಮ ಹಳೆಯ ಕೈಗಡಿಯಾರ ಹಿಡಿದು ಉಸಿರು ಅಳೆದರು. "ನಿಮ್ಮಿಬ್ಬರ ಮಧ್ಯೆ ನನ್ನ ಉಸಿರೇ ನಿಲ್ಲುತ್ತೆ," ಅಂದರು ಅತ್ತೆ. ಕೊನೆಗೆ ಒಂದು ಸೆಕೆಂಡು ಮತ್ತು ಚೂರು ಎಂದು ತೀರ್ಮಾನವಾಯಿತು.

ಪರೀಕ್ಷೆಯ ದಿನ ಮಾವ ಒಂದು ಷರತ್ತು ಹಾಕಿದರು. "ನೀನು ಕಂಪ್ಯೂಟರಿಂದ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಎರಡೂ ಕೈ ಮೇಲೆ."

"ಕೈ ಮೇಲೆ ಯಾಕೆ ಮಾವ?"

"ಪೊಲೀಸರಿಗೆ ಒಂದು ಸಲ ಮೋಸ ಮಾಡಿದೋರಿಗೆ ಅದೇ ಕಾನೂನು."

ಬಡಗಿ ಏಣಿಯ ಮೇಲೆ ಕೂತು ನಗುತ್ತಿದ್ದ. ಅವಳು ಎರಡೂ ಕೈ ಎತ್ತಿ ಟಿಕೆಟ್ ಕಿಟಕಿಯ ಪಕ್ಕ ನಿಂತಳು. ಮಾವ ಗೋಡೆಯ ಮುಂದೆ ನಿಂತರು. ಬಾತುಗಳು ಗುಂಪುಗುಂಪಾಗಿ ಅವರ ಕಡೆಗೇ ಬರುತ್ತಿದ್ದವು. ಅವರು ಮೈ ತಿರುಗಿಸಿದರು. ಹೆಗಲು ಎದ್ದಿತು, ಮೊಣಕೈ ಎದ್ದಿತು, ಕೈ ಮೇಲೇರಿ ಗಡಗಡ ನಡುಗಿತು. ಅವರು ಅದನ್ನು ಇಳಿಸಲಿಲ್ಲ. ಒಂದು ಉಸಿರು ಹಿಡಿದರು.

ಬಾತುಗಳು ನಿಂತವು. ಲಾರಿ ನಿಂತಿತು, ಪಂಕ್ಚರ್ ನಿಂತಿತು. ಸಂಶಯರಾಯ ಹಿಂದೆ ನೋಡುತ್ತಲೇ ನಿಂತಿತು. ಕೈ ನಡುಗುತ್ತಲೇ ಇತ್ತು, ಬಾತುಗಳು ಮಾತ್ರ ಅಲುಗಲಿಲ್ಲ.

ಒಂದೇ ಒಂದು ಬಾತು, ಯಾವ ಹೆಸರೂ ಇಲ್ಲದ ಪುಟ್ಟದು, ನಿಂತವುಗಳ ನಡುವೆ ನುಸುಳಿಕೊಂಡು ಗೋಡೆಯ ಆ ಬದಿಗೆ ಪರಾರಿಯಾಯಿತು.

"ಅಯ್ಯೋ, ಒಂದು ತಪ್ಪಿಸಿಕೊಳ್ತು! ಇರಿ ಮಾವ, ಅದನ್ನೂ ಸರಿಮಾಡ್ತೀನಿ," ಅಂದಳು ಅವಳು, ಕೈ ಎತ್ತಿಕೊಂಡೇ.

"ಬಿಡು ತಾಯಿ," ಅಂದರು ಮಾವ. "ಒಂದೂ ತಪ್ಪಿಸಿಕೊಳ್ಳದಿದ್ರೆ ನೀನು ಮತ್ತೆ ಬಟನ್ ಒತ್ತಿದೀಯ ಅಂದ್ಕೊತಿದ್ದೆ."

ಹೆಗಲನ್ನು ನಂಬಿದ್ದರಿಂದ ಅವಳು ಎಣಿಸದೇ ಇದ್ದ ಇನ್ನೊಂದು ಒಳ್ಳೆಯದೂ ಆಯಿತು. ಎರಡೂ ಕೈಯಲ್ಲಿ ಚೀಲ ಹಿಡಿದವರು ಮೊಣಕೈ ಎತ್ತಿ ಬಾತುಗಳನ್ನು ನಿಲ್ಲಿಸಬಲ್ಲವರಾದರು. ಗಾಲಿಕುರ್ಚಿಯಲ್ಲಿ ದಿನವೂ ನಾಲ್ಕೂವರೆಯ ಬಸ್ಸಿಗೆ ಬರುವ ಒಬ್ಬ ಶಾಲಾ ಮೇಷ್ಟ್ರು ಇದ್ದರು. ಅವರು ಕೂತಲ್ಲೇ ಮೈ ಹೊರಳಿಸಿ ಬಾತುಗಳನ್ನು ಮೂರು ಸಾಲು ಮಾಡಿ ಹಾಜರಿ ಕರೆದರು. ಒಂದು ಸಂಜೆ ಎರಡು ಬಸ್ ಬಿಟ್ಟರೂ ಅಲ್ಲಿಂದ ಕದಲಲಿಲ್ಲ.

ಉದ್ಘಾಟನೆಯ ದಿನ ವಿಶ್ರಾಂತಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿ ವೇಳಾಪಟ್ಟಿ ಹಿಡಿದುಕೊಂಡೇ ನಾಲ್ಕು ಮಾತಾಡಿ, ಕಲಾವಿದೆಯನ್ನು ಕರೆದರು. ಅವಳು ಮೈಕಿನ ಮುಂದೆ ನಿಂತು, "ಇದನ್ನ ಮಾಡಿದ್ದು ನಾನೊಬ್ಬಳೇ ಅಲ್ಲ. ಬಾತುಗಳನ್ನ ಬರೆದದ್ದು ನಾನು, ಅವಕ್ಕೆ ದಾರಿ ಕಲಿಸಿದ್ದು ನಮ್ಮ ಮಾವ," ಅಂದಳು. ಗೋಡೆಯ ಬದಿಯ ಫಲಕದಲ್ಲೂ ಹಾಗೇ ಬರೆಸಿದ್ದಳು, ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ಮಾವ ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡಿದರು, ಎಷ್ಟು ಹೊತ್ತಾದರೂ ಮುಗಿಸಲಿಲ್ಲ.

ಮೊದಲ ಅಪ್ಪಣೆ ಅವರೇ ಕೊಡಬೇಕೆಂದು ಎಲ್ಲರೂ ಒತ್ತಾಯಿಸಿದರು. ಅವರು ಒಪ್ಪಲಿಲ್ಲ. "ನಾನು ದಿನಾ ಮಾಡ್ತೀನಿ, ಇವಳು ಒಂದು ಸಲವೂ ಮಾಡಿಲ್ಲ," ಅಂತ ಹೆಂಡತಿಯನ್ನು ಮುಂದೆ ತಳ್ಳಿದರು.

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, "ನಂಗೆ ಇವೆಲ್ಲ ಬರಲ್ಲರೀ, ಕೈ ಹೇಗೆ ಎತ್ಬೇಕು, ಉಸಿರು ಎಲ್ಲಿ ಹಿಡೀಬೇಕು, ಏನೂ ಗೊತ್ತಿಲ್ಲ," ಅಂದುಕೊಂಡೇ ಗೋಡೆಯ ಮುಂದೆ ಬಂದರು. ಬಾತುಗಳು ಹಿಂಡುಗಟ್ಟಿ ಅವರ ಕಾಲ ಬುಡಕ್ಕೇ ಬಂದವು. ಅವರು ಸೊಂಟದ ಮೇಲೆ ಒಂದು ಕೈ ಇಟ್ಟು, ಪೂರ್ತಿ ಮೈ ತಿರುಗಿಸಿ, ಹೆಗಲು ಒಂದು ಸಲ ಎತ್ತಿ, ಸುಮ್ಮನೆ ದಿಟ್ಟಿಸಿ ನೋಡಿದರು ಅಷ್ಟೆ. ಇನ್ನೂರು ಬಾತುಗಳೂ ಇದ್ದಲ್ಲೇ ಕಲ್ಲಾದವು. ಆ ಪುಟ್ಟ ಪರಾರಿ ಬಾತು ಕೂಡ.

ಕೋಣೆಯಲ್ಲಿ ನಗು ಹೊಮ್ಮಿತು. ಅಧಿಕಾರಿ ಬೆರಗಾಗಿ ಮಾವನ ಕಡೆ ತಿರುಗಿ, "ಇವರಿಗೂ ತರಬೇತಿ ಕೊಟ್ಟಿದ್ರಾ?" ಅಂತ ಕೇಳಿದರು.

"ಇಲ್ಲಮ್ಮ," ಅಂದರು ಮಾವ. "ಮೂವತ್ತೆಂಟು ವರ್ಷದಿಂದ ನಾನು ಅಲ್ಲೇ ತರಬೇತಿ ತಗೋತಾ ಇರೋದು."

ಎಲ್ಲವೂ ಚೆನ್ನಾಗಿ ಮುಗಿಯಿತು ಅನ್ನುವಾಗ ವಾರದ ಕೊನೆಗೆ ಅಧಿಕಾರಿಯ ಫೋನು ಬಂತು. ಗೋಡೆ ಬಹಳ ಚೆನ್ನಾಗಿದೆ, ಎಲ್ಲರಿಗೂ ಇಷ್ಟ. ಆದರೆ ಜನ ಬಾತುಗಳ ಜೊತೆ ಆಡುತ್ತ ಬಸ್ಸು ತಪ್ಪಿಸಿಕೊಳ್ಳುತ್ತಿದ್ದಾರೆ. ಒಂದೇ ವಾರದಲ್ಲಿ ಹದಿನೇಳು ದೂರು ಬಂದಿವೆ. ಕಾದದ್ದು ಗೊತ್ತಾಗಬಾರದು ಅಂದದ್ದು ನಿಜ, ಆದರೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ?

ಸೊಸೆ ಫೋನಿಟ್ಟು ಊಟದ ಮೇಜಿನ ಹತ್ತಿರ ಬಂದು ವಿಷಯ ಹೇಳಿದಳು. ಮಾವ ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು. ಆ ಕಡೆ ಈ ಕಡೆ ನೋಡಿ, ಎರಡು ತಟ್ಟೆ, ಒಂದು ನೀರಿನ ಜಗ್ಗು, ಅತ್ತೆಯ ಔಷಧಿ ಡಬ್ಬಿ ಎಲ್ಲವನ್ನೂ ಮೇಜಿನ ಮಧ್ಯಕ್ಕೆ ಎಳೆದುಕೊಂಡರು.

"ಬಸ್ಸು ಹೊರಡೋಕೆ ಎರಡು ನಿಮಿಷ ಮುಂಚೆ ಬಾತುಗಳೇ ಸಾಲಾಗಿ ಬಾಗಿಲ ಕಡೆ ನಡೀಬೇಕು," ಅಂದರು. "ಜನ ಹಿಂದೆ ಹಿಂದೆ ಹೋಗ್ತಾರೆ. ಎಷ್ಟು ಬಾಗಿಲಿದೆ ಅಲ್ಲಿ?"

"ನಾಲ್ಕು."

"ನಾಲ್ಕು ಬಾಗಿಲು, ಅಂದ್ರೆ ಒಂದು ಕೂಡುರಸ್ತೆ ಆಯ್ತು. ಕೂತ್ಕೋ ತಾಯಿ, ಇದು ಸ್ವಲ್ಪ ತೊಡಕಿದೆ."

"ಮಾತ್ರೆ ಡಬ್ಬಿ ವಾಪಸ್ ಕೊಟ್ಟು ಏನು ಬೇಕಾದ್ರೂ ಮಾಡ್ಕೊಳ್ಳಿ," ಅಂದರು ಅತ್ತೆ ಒಳಗಿನಿಂದ.

"ಅದು ಐದು ಗಂಟೆ ಬಸ್ಸು ಕಣೇ, ಈಗ ತೆಗೆಯೋಕಾಗಲ್ಲ," ಅಂದರು ಮಾವ. ಸೊಸೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.